ಗುಲ್ಷನಳ ಹಾಜರಿ

ಚಿನ್ನು, ಅಳೂದು ಸಾಕ್ ಮಾಡು. ಕೌದಿ ಹೊತ್ಕೊಂಡು ಈ ಕಡೆ ಸರಿ. ನೀಲವ್ವ, ನೀನೂ ಬಾ. ಮಂಚ ಕಿರ್ ಅನ್ನಬಾರದು ಮತ್ತ... ವಾರ್ಡನ್ ಮೇಡಂ ರೂಮಿನ ತನಕ ಕೇಳತೈತಿ. ಕರೆಂಟ್ ಬರೂದು ಇನ್ನ ತಡಾ ಐತಿ.

ಇವತ್ತ ಹಾಜರಿ ಕರದಾಗ ನೀ ಒಂದ್ ಗಳಿಗಿ ತಡಾ ಮಾಡಿದಿ, ಮೇಡಂ ಬೈದ್ರು, ಅದಕ್ಕ ಅಳಾಕತ್ತಿ. ಹೌದಿಲ್ಲೋ? ತಡಾ ಮಾಡಿದ್ದ ಚಲೋ ಆತು. ಯಾಕಂತ ಹೇಳತೇನಿ, ಕೇಳು. ಇದು ಅವರಿವರು ಹೇಳಿದ ಕತಿ ಅಲ್ಲ. ನಮ್ಮ ಕಾಕಾನ ಮಗಳು ಗುಲ್ಷನಗ ಆಗಿದ್ದು. ಹೋದ ವರ್ಷ. ಇದ ರೂಮಿನ್ಯಾಗ. ಆಕಿ ಮಲಗತಿದ್ದ ಮಂಚ... ಈಗ ನೀಲವ್ವ ಮಲಗೂ ಮಂಚ. ಏಯ್, ಚೀರಬ್ಯಾಡ!

ದಸರಾ ಸೂಟಿ ಬಿಟ್ಟಿತ್ತು. ಸೂಟಿ ಬಿಟ್ಟ ದಿನಾನೂ ಈ ಸಾಲಿಯವರು ನಮ್ಮನ್ನ ಸುಮ್ಮನ ಕಳಿಸಿದವರಲ್ಲ. ಅಂಗಳ ಕಸಾ ಹೊಡಸಿದ್ರು, ನೀರಿನ ಟಾಕಿ ತಿಕ್ಕಿಸಿದ್ರು, ಆಮ್ಯಾಲ ಸಾಲಾಗಿ ನಿಲ್ಲಿಸಿ ಶಿಸ್ತಿನ ಮ್ಯಾಲ ಭಾಷಣಾ ಮಾಡಿದ್ರು. ನಾನೂ ಗುಲ್ಷನೂ ಗಜೇಂದ್ರಗಡ ಮುಟ್ಟೂದ್ರಾಗ ನಮ್ಮೂರ ಬಸ್ ಹೋಗಿಬಿಟ್ಟಿತ್ತು. ಒಬ್ಬ ಟಂಟಂ ಆಟೋದಾಂವ ಲಕ್ಕಲಕಟ್ಟಿ ಕ್ರಾಸಿಗೆ ಇಳಿಸಿದ. ಅವನ ಫೋನಿಂದ ಮದರಸಾಬ ಕಾಕಾಗ, ಅಂದ್ರ ಗುಲ್ಷನಳ ಅಪ್ಪಗ, ಹಚ್ಚಿ ನೋಡಿದ್ವಿ. ಹತ್ತಲಿಲ್ಲ. ನಡಕೋತ ಹೊಂಟ್ವಿ.

ಕತ್ತಲಿ. ಎರಡೂ ಕಡೆ ಹೊಲ. ಟ್ರಂಕಿನ ಹಿಡಕಿ ಒಂದ ಸವನ ಕಿಣಿ ಕಿಣಿ ಅಂತಿತ್ತು. ಊರಿನ ಈಚಿ ಒಂದು ಆಲದ ಗಿಡ ಐತಿ, ಅದರ ಬುಡಕ್ಕ ಹಾಳ ಬಾವಿ. ಹಗ್ಗ ಹರದು ಎಷ್ಟೋ ವರ್ಷ ಆಗೇತಿ, ಬರೇ ಗಾಲಿ ಉಳದೈತಿ. ಗಾಳಿ ಇರಲಿಲ್ಲ. ಆದ್ರೂ ಆ ಗಾಲಿ... ಕಿರ್... ಕಿರ್... ನೀರ್ ಸೇದಿದಂಗ.

"ಲಗೂ ನಡಿ," ಅಂದೆ.

ಆವಾಗ ಬಂತು ಧ್ವನಿ. "ಗುಲ್ಷನ..." ಒಂದ ಸಲ. ಹೆಣ್ಣಮಗಳ ಧ್ವನಿ. ಸಿಟ್ಟೂ ಇಲ್ಲ, ಪ್ರೀತಿನೂ ಇಲ್ಲ. ಹಾಜರಿ ಕರದಂಗ.

ಗುಲ್ಷನ ನಿಂತ ನಿಂತಲ್ಲೇ ನೆಟ್ಟಗಾಗಿ ಒದರಿದ್ಲು. "ಹಾಜರ್ ಮೇಡಂ!"

ಆಕಿದೇನೂ ತಪ್ಪಿಲ್ಲ ಚಿನ್ನು. ಇಲ್ಲಿ ನಮಗ ಕಲಿಸಿದ್ದ ಅದು. ನಸಕಿನ್ಯಾಗ ಗಂಟಿ, ಜಳಕಕ್ಕ ಗಂಟಿ, ಉಪ್ಪಿಟ್ಟಿಗೆ ಗಂಟಿ, ಓದಾಕ ಗಂಟಿ, ಗ್ಯಾದರಿಂಗ್ ಡ್ಯಾನ್ಸಿಗೂ ಗಂಟಿ. ನಗೂದೊಂದು ಬಿಟ್ಟು ಎಲ್ಲಾದಕ್ಕೂ ಗಂಟಿ. ರಾತ್ರಿ ಮೇಡಂ ಬಾಗಲದಾಗ ನಿಂತು ಹೆಸರು ಕರೀತಾರ. ಒಂದ ಸಲ. ಎರಡನೇ ಸಲ ಕರಿಯೂದಿಲ್ಲ. ಓ ಅನ್ನಲಿಲ್ಲಂದ್ರ ಐತವಾರ ಮನಿಗೆ ಫೋನ್ ಇಲ್ಲ. ವಾರಕ್ಕೊಂದ್ ಸಲ ಅವ್ವನ ಧ್ವನಿ ಕೇಳೂದು... ಅದನ್ನ ಕಸಗೊಂಡ್ರ ಮನಷ್ಯಾ ಏನ್ ಮಾಡಬೇಕು? ನಾವು ನಿದ್ದಿಗಣ್ಣಾಗೂ ಓ ಅಂತೇವಿ.

ನನಗ ನಗು ಬಂತು. "ಏ ಹುಚ್ಚಿ, ಸೂಟಿ ಐತಿ ಈಗ," ಅಂದೆ. ಗುಲ್ಷನ ನಗಲಿಲ್ಲ. "ಅಕ್ಕಾ... ಗಾಲಿ ನಿಂತ್ತು," ಅಂದ್ಲು.

ಖರೇನ ನಿಂತಿತ್ತು.

ಮನ್ಯಾಗ ನಾನು ಇದನ್ನ ನಗಿಚ್ಯಾಟಿ ಮಾಡಿ ಹೇಳಿದೆ. ನಮ್ಮ ದಾದಿ ಖಾತುನಬಿ, ಅಪ್ಪನ ಅವ್ವ, ರೊಟ್ಟಿ ಬಡಿಯೂದು ಬಿಟ್ಟು ನನ್ನ ಮಾರಿ ನೋಡಿದ್ಲು.

"ರಾತ್ರಿ ಒಂದ ಸಲ ಕರದ್ರ ಓ ಅಂತಾರೇನ? ಮನಷ್ಯಾರಾದ್ರ ಮೂರ್ ಸಲ ಕರೀತಾರ. ಅದು ಒಂದ ಸಲ ಕರೀತೈತಿ."

"ಹಾಸ್ಟೆಲ್ದಾಗ ಒಂದ ಸಲಕ್ಕ ಅನ್ನಬೇಕು ದಾದಿ," ಅಂದ್ಲು ಗುಲ್ಷನ.

"ಇದನ್ನ ಕಲಸಾಕ ಅಷ್ಟು ದೂರ ಕರ್ಕೊಂಡ ಹೋಗ್ಯಾರೇನ?" ಅಂತ ದಾದಿ ಸಿಟ್ಟಿಗೆದ್ಲು. ಆಮ್ಯಾಲ ಸಣ್ಣ ಧ್ವನಿಲೆ ಅಂದ್ಲು. "ಈಗ ಅದಕ್ಕ ನಿನ್ನ ಧ್ವನಿ ಗೊತ್ತಾತು."

ಮದರಸಾಬ ಕಾಕಾ ದಾದಿನ್ನ ಬೈದ. "ಹುಡುಗ್ಯಾರನ್ನ ಹೆದರಿಸಬ್ಯಾಡ, ಅವ್ವಾ. ನಾಳಿ ಸಾಲಿಗೆ ಹೋಗಂಗಿಲ್ಲ ಅಂದ್ರ ನೀ ಕಲಸ್ತಿಯೇನ?" ಮಾತು ಅಲ್ಲಿಗೆ ಮುಗೀತು. ನಮ್ಮ ಬಾಳೆನ ಹಿಂಗ ನೋಡು. ಮನ್ಯಾಗ ಓ ಅಂದ್ರ ತಪ್ಪು, ಇಲ್ಲಿ ಓ ಅನ್ನಲಿಲ್ಲಂದ್ರ ತಪ್ಪು. ಎರಡೂ ಕಡೆ ಬೈಸಿಕೊಳ್ಳಾವ್ರು ನಾವ.

ಸೂಟಿ ಮುಗದು ತಿರುಗಿ ಬಂದ್ವಿ. ಮೊದಲನೇ ರಾತ್ರಿ ಹಾಜರಿ. ಕರೆಂಟ್ ಇರಲಿಲ್ಲ, ಇವತ್ತಿನಂಗ. ಆವಾಗಿನ ಮೇಡಂ ಮೊಬೈಲ್ ಬೆಳಕಿನ್ಯಾಗ ಹೆಸರು ಕರದ್ರು. "ಗುಲ್ಷನ."

ನಾ ಬಾಜೂ ಮಂಚದಾಗ ಇದ್ದೆ. ಆಕಿ ಬಾಯಿ ತೆಗಿಯೂದ್ರೊಳಗ... ಕಿಡಕಿ ಕಡಿಂದ ಬಂತು.

"ಹಾಜರ್ ಮೇಡಂ."

ಅದು ಗುಲ್ಷನಳ ಧ್ವನಿ. ಆಕಿ ತುಟಿ ಅಲಗಿರಲಿಲ್ಲ. ನನ್ನ ಕೈ ಹಿಡಕೊಂಡ್ಲು. ಮೇಡಂ ಮುಂದಿನ ಹೆಸರಿಗೆ ಹೋದ್ರು.

ಮರುದಿನಾನೂ ಹಂಗ. ಅದರ ಮರುದಿನಾನೂ. ಹಗಲೆಲ್ಲಾ ಆಕಿ ಮಾತಾಡತಿದ್ಲು, ಲೆಕ್ಕಾ ಬಿಡಸತಿದ್ಲು, ಖೋಖೋದಾಗ ಎಲ್ಲಾರನ್ನೂ ಔಟ್ ಮಾಡತಿದ್ಲು. ಕತ್ತಲಾತಂದ್ರ ಗಂಟಲದಿಂದ ಒಂದೂ ಶಬ್ದ ಹೊರಡತಿರಲಿಲ್ಲ. ಬಾಯಿ ತಗದು ನನ್ನ ನೋಡಕೋತ ಕುಂದರತಿದ್ಲು.

"ಮೇಡಂಗ ಹೇಳೂಣು," ಅಂದೆ. ಹಗಲ್ದಾಗ ಇಬ್ರೂ ಆಫೀಸಿಗೆ ಹೋದ್ವಿ.

"ಮೇಡಂ, ರಾತ್ರಿ ಹಾಜರಿ ನಾ ಹೇಳಾಕತ್ತಿಲ್ರಿ," ಅಂದ್ಲು ಗುಲ್ಷನ.

"ಮತ್ತ ಯಾರು ಹೇಳಾಕತ್ತಾರ?"

"ಗೊತ್ತಿಲ್ರಿ."

"ಹೆಸರು ಹೇಳು."

"ಗೊತ್ತಿಲ್ರಿ ಮೇಡಂ, ಖರೇನ..."

ಮೇಡಂ ನನ್ನ ಕಡೆ ತಿರಗಿದ್ರು. "ಮೆಹನಾಜ, ನೀನ ಹೇಳಾಕತ್ತಿರಬೇಕು. ಇಕಿ ಎಲ್ಲೋ ತಿರಗಾಕ ಹೋಗೂದು, ನೀ ಇಕಿ ಹೆಸರಿಗೆ ಓ ಅನ್ನೂದು."

ನೋಡು ಚಿನ್ನು. ಒಬ್ಬಾಕಿ ಜೀವಾ ಕೈಯಾಗ ಹಿಡಕೊಂಡು ಖರೇ ಹೇಳಾಕ ಬಂದಾಳ, ಆಕಿಗೆ ಕಳ್ಳಿ ಪಟ್ಟ. ರೂಮಿಗೆಲ್ಲಾ ಶಿಕ್ಷಾ ಆತು. ಅಡಗಿ ಮನಿ ಬೋಗಾಣಿ ತಿಕ್ಕೂದು, ಐತವಾರ ಫೋನ್ ಬಂದ್. ಹುಡುಗ್ಯಾರು ಗುಲ್ಷನ ಜೋಡಿ ಮಾತು ಬಿಟ್ರು. ಆ ಐತವಾರ ಆಕಿ ಅಪ್ಪಗ ಒಂದ ಮಾತು ಹೇಳಬೇಕಂತ ಕಾಯಾಕತ್ತಿದ್ಲು. "ನನ್ನ ಇಲ್ಲಿಂದ ಕರ್ಕೊಂಡ ಹೋಗು." ಇಷ್ಟ. ಅದನ್ನೂ ಹೇಳಾಕ ಬಿಡಲಿಲ್ಲ.

ಅದ ಐತವಾರ ರಾತ್ರಿ.

ಮಧ್ಯಾಹ್ನ ಜೋರ್ ಮಳಿ ಹೊಡದು ಸಂಜಿಗೆ ನಿಂತಿತ್ತು. ಕರೆಂಟ್ ಇಲ್ಲ. ಹೊರಗ ಕಪ್ಪಿ ವಟರ್ ವಟರ್ ಒದರಾಕತ್ತಿದ್ವು. ನಾ ಬೋಗಾಣಿ ತಿಕ್ಕಿ ಬಂದು ನೋಡತೇನಿ, ಗುಲ್ಷನಳ ಮಂಚ ಖಾಲಿ. ಬಾತ್‌ರೂಮಿನ್ಯಾಗ ಇಲ್ಲ. ಊಟದ ಹಾಲಿನ್ಯಾಗ ಇಲ್ಲ. ಅಷ್ಟರಾಗ ಮೇಡಂ ಬಂದ್ರು.

"ಮೇಡಂ, ಗುಲ್ಷನ ಇಲ್ರಿ!"

"ನಿನ್ನ ಹೆಸರು ಕರದಾಗ ಮಾತಾಡು. ಕುಂದ್ರು."

ಹೆಸರು ಹೊಂಟ್ವು. ಒಬ್ಬೊಬ್ಬಾಕಿ ಓ ಅಂದ್ಲು. ಆಮ್ಯಾಲ... "ಗುಲ್ಷನ."

ಕಪ್ಪಿ ಸುಮ್ಮನಾದ್ವು.

"ಹಾಜರ್ ಮೇಡಂ."

ಈ ಸಲ ಕಿಡಕಿ ಕಡಿಂದ ಅಲ್ಲ. ದೂರಿಂದ. ಹೊಲದ ಕಡಿಂದ.

"ಕೇಳಿಸ್ತಲ್ಲ?" ಅಂದ್ರು ಮೇಡಂ.

"ಕಿವೀಲೆ ಕೇಳೂದು ಬಿಡ್ರಿ, ಒಳಗ ಬಂದು ಕಣ್ಣೀಲೆ ನೋಡ್ರಿ!" ಅಂದೆ. ಅಳು, ಸಿಟ್ಟು ಎರಡೂ ಕೂಡೇ ಬಂದ್ವು.

"ನಾಳಿ ನಿಂದು ಐತಿ," ಅಂದ್ರು. ಹೊರಗಿಂದ ಕೀಲಿ ಬಿತ್ತು. ಖಟ್.

ನಾ ಬಾಗಲ ಬಡದೆ. ಯಾರೂ ಬರಲಿಲ್ಲ. ಆಮ್ಯಾಲ ತಾಟು ತಗೊಂಡು ಗ್ಲಾಸಿಲೆ ಬಡಿಯಾಕ ಹತ್ತಿದೆ. ಠಣ್ ಠಣ್ ಠಣ್. ಗುಲ್ಷನ ಜೋಡಿ ಮಾತು ಬಿಟ್ಟವರೂ ಎದ್ದು ತಮ್ಮ ತಮ್ಮ ತಾಟು ತಗದ್ರು. ಇಡೀ ರೂಮು ಬಡಿಯಾಕ ಹತ್ತಿತು. ಕಡೀಕ ಮೇಡಂ ಬೈಕೋತ ಬಂದ್ರು, ಹಿಂದ ವಾಚಮನ್ ದ್ಯಾವಪ್ಪ ಕಾಕಾ ಬ್ಯಾಟ್ರಿ ಹಿಡಕೊಂಡು. ಬೆಳಕು ಖಾಲಿ ಮಂಚದ ಮ್ಯಾಲ ಬಿತ್ತು. ಮಡಿಚಿಟ್ಟ ಕೌದಿ ಮಡಿಚಿದಂಗ ಇತ್ತು.

"ಈಗರ ಓ ಅಂದ್ಲಲ್ಲ..." ಅಂದ್ರು ಮೇಡಂ. ಅವರ ಮಾತಿನ್ಯಾಗ ಮೊದಲಿನ ಗತ್ತು ಇರಲಿಲ್ಲ.

ಗೇಟಿನ ಕೀಲಿ ಹಾಕಿದ್ದು ಹಾಕಿದಂಗ ಇತ್ತು. ದ್ಯಾವಪ್ಪ ಕಾಕಾ ತಗದ. ನಾ ಯಾರನ್ನೂ ಕೇಳದ ಬೆನ್ನ ಹತ್ತಿದೆ. ಮೇಡಂ ಕತ್ತಲ್ಯಾಗ ಕೂಗಿದ್ರು. "ಗುಲ್ಷನ!"

"ಹಾಜರ್ ಮೇಡಂ." ಮುಂದಿಂದ.

ಕಡ್ಲಿ ಬಿತ್ತಾಕ ಹಸನ ಮಾಡಿದ ಕರೀ ಎರಿ ಮಣ್ಣಿನ ಹೊಲ. ಮಳ್ಯಾಗ ನೆನದಿತ್ತು. ಹೆಜ್ಜಿ ಇಟ್ರ ಪಚಕ್... ಎತ್ತಿದ್ರ ಚಪ್ಪಲ ಅಲ್ಲೇ. ಮೇಡಂ ಚಪ್ಪಲ ಬಿಟ್ರು, ನಾನೂ ಬಿಟ್ಟೆ. ಮಣ್ಣು ಮೆತ್ತಿ ಮೆತ್ತಿ ಕಾಲು ಎತ್ತಾಕ ಬರದಂಗ ಆತು. ಮೇಡಂ ಮತ್ತ ಕರದ್ರು. ಮತ್ತ ಓ ಅಂತು. ಕರದಂಗ ಕರದಂಗ ಅದು ಮುಂದ ಮುಂದ. ಹೊಲದ ಅಂಚಿನ್ಯಾಗ ಒಂದು ಬಾವಿ. ಇನ್ನೊಂದ್ ಸಲ ಕರದಾಗ... ಓ ಅಂದಿದ್ದು ಬಾವಿ ಒಳಗಿಂದ.

ಬ್ಯಾಟ್ರಿ ಬೆಳಕು ಬಿತ್ತು. ಗುಲ್ಷನ ಬಾವಿ ಕಟ್ಟಿ ಮ್ಯಾಲ ಕುಂತಿದ್ಲು. ನಮ್ಮ ಕಡೆ ಬೆನ್ನು. ಎರಡೂ ಕಾಲು ಒಳಗ ಇಳಿಬಿಟ್ಟಿದ್ಲು. ಪ್ರತಿ ಸಲ ಕರದಾಗ ಆಕಿ ಒಂದ್ ಗೇಣು ಮುಂದ ಸರದಿದ್ಲೋ ಏನೋ... ಕಟ್ಟಿ ತುದಿಗೆ ಕುಂತಿದ್ಲು.

ಮೇಡಂ ಉಸರು ಎಳಕೊಂಡ್ರು. ಕರಿಯಾಕ.

ನಾ ಅವರ ಬಾಯಿ ಮುಚ್ಚಿದೆ. ಎರಡೂ ಕೈಲೆ.

"ಕರೀಬ್ಯಾಡ್ರಿ," ಅಂದೆ ಕಿವ್ಯಾಗ. "ಇನ್ನೊಂದ್ ಸಲ ಓ ಅಂದ್ರ ಹೋದ್ಲು ಆಕಿ."

ಮೇಡಂ ನನ್ನ ಕೈ ಕಡದ್ರು. ರಕ್ತ ಬಂತು. ನಾ ಬಿಡಲಿಲ್ಲ. ದ್ಯಾವಪ್ಪ ಕಾಕಾಗ ಕಣ್ಣಿಲೆ ಸನ್ನಿ ಮಾಡಿದೆ. ಅಂವ ಹೋದ. ಹಿಂದಿಂದ ಆಕಿ ರಟ್ಟಿಗೆ ಕೈ ಹಾಕಿ ಎಳದ. ಇಬ್ರೂ ಹಿಂದ ಬಿದ್ರು. ಅದರ ಕೂಡೇನ ಬಾವ್ಯಾಗ... ಗುಳುಂ. ಯಾರೂ ಏನೂ ಒಗದಿರಲಿಲ್ಲ. ಸ್ವಲ್ಪ ತಡದು ತಳದಾಗಿಂದ, ಯಾರೂ ಕರೀದನ, "ಹಾಜರ್ ಮೇಡಂ..."

ಕೇಳಿದ್ದು ನಾ ಒಬ್ಬಾಕಿ ಅಲ್ಲ. ಮೂರೂ ಮಂದಿ ಕೇಳೇವಿ. ದ್ಯಾವಪ್ಪ ಕಾಕಾ ನೌಕರಿ ಬಿಟ್ಟು ಹೊಳೆಆಲೂರಿಗೆ ಮಗಳ ಮನಿಗೆ ಹೋದ. ಮೇಡಂ ವರ್ಗಾ ಮಾಡಿಸ್ಕೊಂಡ್ರು. ಬೇಕಾದ್ರ ಹುಡುಕಿ ಕೇಳ್ರಿ ಅವರನ್ನ.

ಮರುದಿನ ವಿಚಾರಣಿ ಆತು. ಏನ್ ವಿಚಾರಣಿ ಅಂತಿ? ವಾರ್ಡನ್ ಬಾಯಿಗೆ ವಿದ್ಯಾರ್ಥಿನಿ ಕೈ ಹಚ್ಚಿದ್ದು ಯಾಕ, ಅದು. ಬಾವಿ ಸುದ್ದಿ ಯಾರೂ ತಗೀಲಿಲ್ಲ. ಗುಲ್ಷನ ಗ್ವಾಡಿ ಹಾರಿ ತಾನ ಓಡಿ ಹೋಗಿದ್ಲು ಅಂತ ಹೇಳಿ, ಮದರಸಾಬ ಕಾಕಾನ್ನ ಕರಸಿ ಕೈಯಾಗ ಟಿಸಿ ಕೊಟ್ರು. ಕಾಕಾ ತಲಿ ತಗ್ಗಿಸಿ ಇಸ್ಕೊಂಡ. ಆಕಿ ಈಗ ಮನ್ಯಾಗ ಅದಾಳ. ಹಗಲ್ದಾಗ ಚಂದ ಮಾತಾಡತಾಳ. ರಾತ್ರಿ ನೀರ್ ಬೇಕಾದ್ರೂ ಕೈ ಮಾಡಿ ತೋರಸತಾಳ. ಯಾರ್ಯಾರಿಗೆ ತಿಳಿಸಿ ಹೇಳಲಿ ನಾನು? ಹೇಳಿ ಹೇಳಿ ಸಾಕಾತು. "ಹಾರಿ ಹೋಗಿದ್ಲಂತಲ್ಲ," ಅಂತ ನನಗ ತಿರುಗಿ ಹೇಳತಾರ.

ಹಾರಿ ಹೋಗಿದ್ಲಂತ! ಕೇಳು ಚಿನ್ನು.

ಆ ರಾತ್ರಿ ದ್ಯಾವಪ್ಪ ಕಾಕಾ ಆಕಿನ್ನ ಬೆನ್ನ ಮ್ಯಾಲ ಹೊತ್ಕೊಂಡು ಬಂದು ಈ ಮಂಚದ ಮ್ಯಾಲ ಕುಂದರ್ಸಿದ. ಅಂವಗ ಮೊಣಕಾಲ ತನಕ ಎರಿ ಮಣ್ಣು. ಮೇಡಂ ಸೀರಿ ಅಂಚು ಮಣ್ಣಿನ್ಯಾಗ ಬಿರಸ ಆಗಿತ್ತು. ನನ್ನ ಕಾಲು ನನಗ ಕಾಣಾಕತ್ತಿರಲಿಲ್ಲ. ನಾ ಬಕೆಟ್ಟಿನ್ಯಾಗ ಬೆಚ್ಚನ ನೀರು ತಂದು ಆಕಿ ಕಾಲು ತೊಳಿಯಾಕ ಕುಂತೆ. ಅಂಗಾಲು ಹೊಳ್ಳಿಸಿ ನೋಡಿದೆ. ಮಣ್ಣಿಲ್ಲ. ಉಗುರಿನ ಸಂದ್ಯಾಗ ಇಲ್ಲ. ಒಡದ ಹಿಮ್ಮಡದ ಸೀಳಿನ್ಯಾಗೂ ಇಲ್ಲ.

"ಮೇಡಂ, ನೋಡ್ರಿ," ಅಂದೆ.

ಮೇಡಂ ಬಗ್ಗಿ ನೋಡಿದ್ರು. ಮತ್ತೊಂದ್ ಸಲ ನೋಡಿದ್ರು. ಬ್ಯಾಟ್ರಿ ಆರಿಸಿದ್ರು.

ಖರೇನ ಚಿನ್ನು, ಆಣಿ ಮಾಡಿ ಹೇಳತೇನಿ. ಅಷ್ಟು ದೂರ ಎರಿ ಹೊಲ ದಾಟಿ ಹೋದಾಕಿ ಕಾಲು ನಾ ನೀರಾಗ ಅದ್ದಿದೆ, ತಿಕ್ಕಿದೆ. ಬಕೆಟ್ಟಿನ ನೀರು ತಿಳಿ ಇದ್ದದ್ದು ತಿಳೀನ ಉಳೀತು.