ಮೊದಲು ಕೀಲಿ, ಆಮೇಲೆ ಕಾಯಿ

ಬಾಡಿಗೆ ವಾಹನ ಚಾಲಕರ ಸಂಘದ ಈ ವಾರ್ಷಿಕ ಸಭೆಯ ಅಧ್ಯಕ್ಷತೆ ವಹಿಸಿರುವ ಸಂಗನಬಸವ ಅವರೇ, ಸಂಘದ ಗೌರವಾಧ್ಯಕ್ಷರೂ ಬೈಪಾಸ್ ರಸ್ತೆಯ ಹಳೇ ಕಾರುಗಳ ಮಳಿಗೆಯ ಮಾಲೀಕರೂ ಆದ ಅಮರಗುಂಡಪ್ಪನವರೇ, ಸಿಂಧನೂರು, ಮಸ್ಕಿ, ಲಿಂಗಸುಗೂರು ಸ್ಟ್ಯಾಂಡುಗಳಿಂದ ಇವತ್ತಿನ ಬಾಡಿಗೆ ಬಿಟ್ಟು ಬಂದಿರುವ ಡ್ರೈವರ್ ಬಂಧುಗಳೇ, ಗಂಡಂದಿರು ನಿಜವಾಗಿ ಸಭೆಗೇ ಬಂದಿದ್ದಾರೋ ಎಂದು ನೋಡಿಹೋಗಲು ಬಂದಿರುವ ತಾಯಂದಿರೇ, ಸಭಿಕರೇ,

ನನಗೆ ಶಾಲು ಹೊದಿಸಿದ್ದೀರಿ. ಎರಡು ಮಾತು ಆಡು ಎಂದಿದ್ದೀರಿ. ಮೊದಲನೆಯ ಮಾತು, ಧನ್ಯವಾದ. ಅದು ಮುಗಿಯಿತು. ಎರಡನೆಯ ಮಾತು ಸ್ವಲ್ಪ ಉದ್ದವಿದೆ.

ನಾನು ಗ್ಯಾನಮ್ಮ. ಊರು ಗುರುಗುಂಟಾ. ಲಿಂಗಸುಗೂರಿನಿಂದ ಮಸ್ಕಿ ಹಾದು ಸಿಂಧನೂರಿಗೆ ಸೀಟು ತುಂಬಿಕೊಂಡು ಓಡುವ ಬಿಳಿ ಕಾರು ನನ್ನದು. ಈ ಸಂಘದಲ್ಲಿ ಸ್ಟೇರಿಂಗ್ ಹಿಡಿದ ಹೆಂಗಸು ನಾನೊಬ್ಬಳೇ. ಒಮ್ಮೆ ಮುದಗಲ್ ಸ್ಟ್ಯಾಂಡಿನಲ್ಲಿ ಒಬ್ಬ ಯಜಮಾನರು ಬಂದು ಹಿಂದಿನ ಸೀಟಿನಲ್ಲಿ ಕೂತರು. ನಾನು ಸ್ಟೇರಿಂಗ್ ಹಿಡಿದು ಕೂತದ್ದನ್ನು ಕಂಡೂ ಕೇಳಿದರು: "ಯವ್ವಾ, ಡ್ರೈವರ್ ಯಾವಾಗ ಬರ್ತಾನ?" ನಾನು ಹೇಳಿದೆ: "ಬಂದು ಬಾಳೊತ್ತಾತು ಯಪ್ಪಾ, ನಿಮ್ಮ ಕಣ್ಣು ಇನ್ನಾ ಬಂದಿಲ್ಲ."

ನಗಿರಿ. ನಕ್ಕ ಮೇಲೆ ಕೇಳಿರಿ.

ನನ್ನ ಮಾತು ಮುಗಿದ ಕೂಡಲೇ ನಿಮ್ಮ ಮುಂದೆ ಒಂದು ಠರಾವು ಬರುತ್ತದೆ. ಸಂಘದ ಸದಸ್ಯರು ಇನ್ನು ಮೇಲೆ ಗಾಡಿ ಕೊಳ್ಳುವುದಾದರೆ ಅಮರಗುಂಡಪ್ಪನವರ ಮಳಿಗೆಯಲ್ಲೇ ಕೊಳ್ಳಬೇಕು. ರಿಪೇರಿ ಅವರ ಗ್ಯಾರೇಜಿನಲ್ಲೇ ಮಾಡಿಸಬೇಕು. ಅದಕ್ಕೆ ಬದಲಾಗಿ ಅವರು ನಮ್ಮ ಸ್ಟ್ಯಾಂಡಿಗೆ ತಗಡಿನ ನೆರಳು ಹಾಕಿಸುತ್ತಾರೆ, ಕುಡಿಯುವ ನೀರಿಡಿಸುತ್ತಾರೆ, ಒಂದು ಕೋಣೆ ಕಟ್ಟಿಸುತ್ತಾರೆ. ನಮ್ಮ ಬಿಸಿಲಿನಲ್ಲಿ ನೆರಳು ಬೇಡ ಎನ್ನುವ ಡ್ರೈವರ್ ಇದ್ದಾನೆಯೇ? ಇಲ್ಲ. ಠರಾವಿನ ಪರವಾಗಿ ಮಾತಾಡು ಎಂದೇ ನನಗೆ ಮೈಕು ಕೊಟ್ಟಿದ್ದಾರೆ. ನಾನು ಅದನ್ನು ವಿರೋಧಿಸಲು ನಿಂತಿದ್ದೇನೆ. ಅಧ್ಯಕ್ಷರೇ, ಮೈಕಿನ ವೈರಿನ ಕಡೆ ನೋಡಬೇಡಿ. ಮೈಕು ಹೋದರೂ ನನ್ನ ಗಂಟಲು ಹೋಗುವುದಿಲ್ಲ. ಅದನ್ನು ತಯಾರು ಮಾಡಿದವರು ನಿಮ್ಮ ಪಕ್ಕದಲ್ಲೇ ಕೂತಿದ್ದಾರೆ.

ಹೌದು, ಅಮರಗುಂಡಪ್ಪನವರೇ. ಕಾಲುವೆಯ ಕೊನೆಯ ಹೊಲಗಳಿಗೂ ನೀರು ಬಿಡಿ ಎಂದು ನಾವು ರಸ್ತೆಗಿಳಿದ ಕಾಲ. ನಮ್ಮಲ್ಲಿ ಧ್ವನಿವರ್ಧಕ ಕಟ್ಟಿದ ಒಂದು ಜೀಪಿತ್ತು. ಅದನ್ನು ಓಡಿಸುವ ಮಸ್ತಾನಸಾಬನನ್ನು ಪೊಲೀಸರು ಪದೇ ಪದೇ ಎತ್ತಿಕೊಂಡು ಹೋಗುತ್ತಿದ್ದರು. "ಜೀಪು ನಿಂದರಬಾರದು. ಹೆಣ್ಣಾಳು ಒಬ್ಬಾಕಿ ಕಲೀಬೇಕು. ಗ್ಯಾನಮ್ಮಾ, ನೀ ಹತ್ತು" ಎಂದವರು ಇದೇ ಅಮರಗುಂಡಪ್ಪಣ್ಣ. ಹೊಲದಲ್ಲಿ ನಾಟಿ ಹಚ್ಚುತ್ತಿದ್ದವಳು ಕೆಸರುಗಾಲಲ್ಲೇ ಹತ್ತಿದೆ. ಅಣ್ಣನ ಒಂದು ಕೂಗಿಗೆ ಸಾವಿರ ಜನ ರಸ್ತೆಯಲ್ಲಿ ಕೂರುತ್ತಿದ್ದರು. ನಾನೂ ಕೂತವಳು. ಅಣ್ಣ ಏಳು ಎನ್ನುವ ತನಕ ಏಳದವಳು.

ಇಂಥ ಅಣ್ಣ ಕಾರು ಮಾರಲು ಕೂತಾಗ ನಾನು ಬೇರೆ ಕಡೆ ಹೋಗುತ್ತೇನೆಯೇ? ಅವರ ಮಳಿಗೆಗೇ ಹೋದೆ. ಹೋಗುವಷ್ಟರಲ್ಲಿ ಬಿಳಿ ಕಾರು ತೊಳೆದು ನಿಂತಿತ್ತು. ಬಾನೆಟ್ಟಿನ ಮೇಲೆ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು, ತಟ್ಟೆಯಲ್ಲಿ ತೆಂಗಿನಕಾಯಿ. ನಾನು ಕೀಲಿಗೆ ಕೈ ಚಾಚಿದರೆ ಅಲ್ಲಿನವನೊಬ್ಬ ನನ್ನ ಕೈಗೆ ಕಾಯಿ ಕೊಟ್ಟ. "ಯಕ್ಕಾ, ಮುಹೂರ್ತ ಮೀರತೈತಿ. ಮೊದಲು ಕಾಯಿ ಒಡಿ. ಓಡಿಸಿ ನೋಡೂದು ಇದ್ದಽ ಐತಿ."

ಒಡೆದೆ. ಸಭೆ ಸಭೆಗಳಲ್ಲಿ ಮೂಢನಂಬಿಕೆಯ ವಿರುದ್ಧ ಗಂಟಲು ಹರಿದುಕೊಂಡವಳು, ಕಾಯಿ ಕಂಡ ಕೂಡಲೇ ಕಣ್ಣು ಮುಚ್ಚಿ ದೇವಿಗೆ ಕೈ ಮುಗಿದೆ. ದೇವಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳ ಹೆಸರಲ್ಲಿ ಬಾನೆಟ್ ಮುಚ್ಚಿಟ್ಟವರ ಮೇಲೆ ನನ್ನ ಸಿಟ್ಟು. ಯಾಕೆಂದರೆ ಈ ವ್ಯಾಪಾರದ ಗುಟ್ಟೆಲ್ಲ ಆ ಕಾಯಿಯಲ್ಲಿದೆ. ನಮ್ಮ ಕಡೆ ಕಾಯಿ ಒಡೆದ ಗಾಡಿಗೆ ಯಾರೂ ಕುಂದು ಹೇಳುವುದಿಲ್ಲ. ಬೀಗರ ಮನೆಯಲ್ಲಿ ಎಲೆ ಮುಂದೆ ಕೂತು ಸಾರು ಉಪ್ಪಾಗಿದೆ ಎನ್ನುತ್ತೇವೆಯೇ? ಅದೇ ರೀತಿ. ಅದೂ ಅಲ್ಲದೆ, ಅಣ್ಣನ ಎದುರಿಗೆ ಬಾನೆಟ್ ಎತ್ತಿ ಇಣುಕುವುದು ಅವರ ಜೇಬಿಗೆ ಕೈ ಹಾಕಿದಂತೆ ಎನ್ನಿಸಿತು. ಇಂಥ ಮರ್ಯಾದೆ ನಮಗೆ ಬಿಟ್ಟು ಬೇರೆ ಯಾರಿಗಿದೆ, ಹೇಳಿ? ಇಲ್ಲಿರುವವರಲ್ಲಿ ಎಷ್ಟು ಜನ ಹೀಗೆ ಗಾಡಿ ತಂದಿಲ್ಲ? ತಲೆ ತಗ್ಗಿಸಬೇಡಿ. ನಾನೂ ನಿಮ್ಮ ಸಾಲಿನವಳೇ.

ಸಭಿಕರೇ, ಕಾರಿನ ಮೀಟರ್ ಬೋರ್ಡಿನಲ್ಲಿ ದೀಪಗಳಿರುತ್ತವೆ. ಹಳದಿ ದೀಪ ಹೊತ್ತಿದರೆ, ನನ್ನನ್ನು ಬೇಗ ಗ್ಯಾರೇಜಿಗೆ ಒಯ್ಯಿ ಎಂದು ಕಾರು ಹೇಳುತ್ತಿದೆ. ಕೆಂಪು ದೀಪ ಹೊತ್ತಿದರೆ, ಇದ್ದಲ್ಲೇ ನಿಲ್ಲು ಎಂದು ಕೂಗುತ್ತಿದೆ. ಕೆಂಪು ದೀಪಗಳಲ್ಲಿ ಒಂದು ಎಣ್ಣೆಗಿಂಡಿಯ ಚಿತ್ರದ್ದು. ಎಂಜಿನ್ನಿನಲ್ಲಿ ಆಯಿಲ್ ಓಡುತ್ತಿಲ್ಲ ಎಂದು ಅದರ ಅರ್ಥ. ಅದು ಹೊತ್ತಿದ ಮೇಲೂ ಓಡಿಸಿದಿರೋ, ಲೋಟದಷ್ಟು ಎಣ್ಣೆಯಲ್ಲಿ ಮುಗಿಯುವ ಖರ್ಚು ಎಂಜಿನ್ನಿನ ತನಕ ಹೋಗುತ್ತದೆ.

ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ದಿನಾ ಬೆಳಿಗ್ಗೆ ಆಯಿಲ್ ಕಡ್ಡಿ ಎಳೆದು ನೋಡಿಯೇ ಗಾಡಿ ತೆಗೆಯುವವಳು ನಾನು. ಆವತ್ತೂ ನೋಡಿದ್ದೆ. ಮಸ್ಕಿಯಲ್ಲಿ ಮೆಣಸಿನಕಾಯಿ ಬಿಡಿಸಲು ಹೋಗಿದ್ದ ಹೆಂಗಸರು ಸಂಜೆ ಗಾಡಿ ತುಂಬ ಹತ್ತಿದ್ದರು. ಸಿಂಧನೂರಿನ ದಾರಿ. ಎಂಜಿನ್ನಿನ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲು ದಾರಿಯಲ್ಲೇ ಹರಿದಿದೆ, ಎಣ್ಣೆಯೆಲ್ಲ ರಸ್ತೆಯ ಪಾಲಾಗಿದೆ. ದೀಪ ಮಾತ್ರ ಹೊತ್ತಲಿಲ್ಲ. ನಾನು ಆರಾಮವಾಗಿ ಓಡಿಸುತ್ತಿದ್ದೇನೆ. ಕಾಲುವೆ ಪಕ್ಕದ ತಿರುವಿನಲ್ಲಿ ಎಂಜಿನ್ ಕಿರುಚಿ ನಿಂತುಬಿಟ್ಟಿತು. ಎಂಜಿನ್ ಸತ್ತರೆ ಸ್ಟೇರಿಂಗ್ ಸುಲಭಕ್ಕೆ ತಿರುಗುವುದಿಲ್ಲ, ಬ್ರೇಕು ಕಲ್ಲಾಗುತ್ತದೆ. ಗಾಡಿ ತಾನೇ ದಂಡೆಯ ಕಡೆ ಹೊರಳಿತು. ಆ ಹೆಂಗಸರಲ್ಲೊಬ್ಬಳು ಲಾಲ್‌ಬೀ ಹಿಂದಿನಿಂದ ಕೂಗಿದಳು: "ಗ್ಯಾನವ್ವಾ, ಕಾಲುವ್ಯಾಗ ಹಾಕಬ್ಯಾಡ ಬೇ! ನನಗ ಈಸ ಬರೂದಿಲ್ಲ!"

ನೀರು ಬಿಡಿ, ನೀರು ಬಿಡಿ ಎಂದು ಆ ಕಾಲುವೆಗಾಗಿಯೇ ಲಾಠಿ ತಿಂದವಳು ನಾನು. ಆ ಹೊತ್ತಿಗೆ, ದೇವರೇ ಇದರಲ್ಲಿ ನೀರು ಇಲ್ಲದಿರಲಿ ಎಂದು ಬೇಡಿಕೊಂಡೆ. ಎರಡೂ ಕಾಲು ಬ್ರೇಕಿನ ಮೇಲೆ ಊರಿ ನಿಂತೆ. ಹೂಳು ತೆಗೆದು ಹಾಕಿದ್ದ ಮಣ್ಣಿನ ಗುಡ್ಡೆಗೆ ಮೂತಿ ಹೂತು ಗಾಡಿ ನಿಂತಿತು. ಲಾಲ್‌ಬೀ ಇಳಿದವಳೇ ನನ್ನ ಕೆನ್ನೆಗೆ ಒಂದು ಬಿಟ್ಟಳು, ಆಮೇಲೆ ತಬ್ಬಿಕೊಂಡು ಅತ್ತಳು. ಯಾವುದು ಹೆಚ್ಚು ನೋಯಿಸಿತು ಎಂದು ಇವತ್ತಿಗೂ ಹೇಳಲಾರೆ.

ಮೆಕ್ಯಾನಿಕ್ ನಾಸೀರ್ ಮೀಟರ್ ಬೋರ್ಡು ಬಿಚ್ಚಿ ನೋಡಿದ. "ಏನಾತೋ? ಬಲ್ಬ್ ಸುಟ್ಟೈತೇನು?" ಎಂದೆ. "ಸುಟ್ಟಿಲ್ಲಕ್ಕಾ. ಬಲ್ಬಽ ಇಲ್ಲ. ಕಿತ್ತಾರ" ಎಂದ.

ಕಿತ್ತಿದ್ದಾರೆ! ಆ ಕಾರಿಗೆ ಹಳೆಯ ಎಣ್ಣೆ ರೋಗವಿತ್ತು, ಸೀಲು ಮೊದಲೇ ಸವೆದಿತ್ತು. ಮಾರುವ ಮುಂಚೆ ರೋಗ ವಾಸಿ ಮಾಡಲಿಲ್ಲ, ರೋಗ ಹೇಳುವ ನಾಲಗೆ ಕಿತ್ತರು. ಕೂಗುವವರ ಬಾಯಿ ಮುಚ್ಚಿಸಿ ಊರು ಸುಖವಾಗಿದೆ ಎಂದು ಬೋರ್ಡು ಹಾಕುವವರನ್ನು ನಾವು ಕಂಡಿಲ್ಲವೇ? ಅವರ ವಿರುದ್ಧವೇ ಅಲ್ಲವೇ ನಾವು ಆ ಜೀಪು ಹತ್ತಿದ್ದು?

ಅಣ್ಣನ ಹತ್ತಿರ ಹೋದೆ. ಅಣ್ಣ ಚಹಾ ತರಿಸಿದರು. "ಗ್ಯಾನಮ್ಮಾ, ಕಾಯಿ ಒಡದು ಒಯ್ದಿ. ದೇವರು ಕುಂತ ಗಾಡಿಗೆ ಕುಂದು ಹಚ್ಚಬಾರದು. ನಮ್ಮ ಗ್ಯಾರೇಜಿಗೆ ತಾ, ನೋಡೂಣು" ಎಂದರು. ಅವರ ಗ್ಯಾರೇಜು ಹೇಳಿದ ರಿಪೇರಿ ಖರ್ಚು ಕಾರಿನ ಅರ್ಧ ಬೆಲೆಯಷ್ಟಿತ್ತು. ಬಲ್ಬ್ ಕಿತ್ತು ಒಮ್ಮೆ ಗಳಿಕೆ, ಎಂಜಿನ್ ಬಿಚ್ಚಿ ಇನ್ನೊಮ್ಮೆ ಗಳಿಕೆ. ನಾನು ಚಹಾ ಕುಡಿಯಲಿಲ್ಲ. ಗಾಡಿ ನಾಸೀರನ ಬಳಿ ಬಿಚ್ಚಿ ಬಿದ್ದಿತ್ತು; ನಾನು ಆ ಹಂಗಾಮು ಪೂರ್ತಿ ಸಿಂಧನೂರಿನ ಗದ್ದೆಗಳಲ್ಲಿ ನಾಟಿ ಹಚ್ಚಿ ರಿಪೇರಿಯ ದುಡ್ಡು ಕೂಡಿಸಿದೆ. ಸ್ಟೇರಿಂಗ್ ಹಿಡಿದ ಕೈ ಮತ್ತೆ ಸಸಿ ಹಿಡಿಯಿತು. ಕೈಗೆ ನಾಚಿಕೆಯಿಲ್ಲ. ನಾಚಬೇಕಾದವರು ಬೇರೆ.

ಗೋಡೆ ಪಕ್ಕದ ಸಾಲಿನವರು ಗುಸುಗುಸು ಎನ್ನುತ್ತಿದ್ದೀರಿ. ಕಿತ್ತ ಕೈ ಯಾವುದು ಎಂದು ತಾನೇ? ನನಗೆ ಗೊತ್ತಿಲ್ಲ. ನಾಸೀರ್ ಹೇಳಿದ್ದು ಇಷ್ಟೇ: "ಬಾಳ ಸಣ್ಣ ಬೆರಳು ಅಕ್ಕಾ. ಒಂದು ಗೀರು ಬೀಳದಂಗ ತೆಗದಾರ." ಅವನು ಬೋರ್ಡು ಬಿಚ್ಚಿದ ದಿನದ ಸಂಜೆ ನಾನು ನನ್ನ ತಮ್ಮ ಆಂಜನೇಯನ ಮನೆಗೆ ಹೋದೆ. ತಮ್ಮನೂ ಅಣ್ಣನ ಅದೇ ಕಾರು ಮಳಿಗೆಯಲ್ಲಿ ಕೆಲಸಕ್ಕಿದ್ದಾನೆ. ಎರಡು ಮಕ್ಕಳ ತಂದೆ. ಅವನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು ನಾನು. ನನ್ನ ಕಾಲಿಗೆ ಜಾಲಿಮುಳ್ಳು ನೆಟ್ಟರೆ ಸೂಜಿಯಿಲ್ಲದೆ ಬೆರಳಲ್ಲೇ ತೆಗೆಯುತ್ತಿದ್ದ, ನೋವೇ ಗೊತ್ತಾಗುತ್ತಿರಲಿಲ್ಲ. ಅವತ್ತು ಅವನ ಹೆಂಡತಿ ಮಮತಾ ರೊಟ್ಟಿ ಬಡಿಸಿದಳು. ಅವನು ಊಟಕ್ಕೆ ಕೂತ, ತಟ್ಟೆಗೆ ಕೈ ಹಾಕಲಿಲ್ಲ. ನಾನು ಏನೂ ಕೇಳಲಿಲ್ಲ. ಇದನ್ನು ಯಾಕೆ ಹೇಳಿದೆನೋ! ಠರಾವಿಗೂ ಇದಕ್ಕೂ ಸಂಬಂಧವಿಲ್ಲ. ಬಿಡಿ.

ಕೂಲಿಯವನ ಕೈಯನ್ನು ಹುಡುಕುವುದು ನನ್ನ ಹೋರಾಟವಲ್ಲ. ಕೂಲಿಯವನು ಕೀಳು ಎಂದರೆ ಕೀಳುತ್ತಾನೆ. ಮನೆಯಲ್ಲಿ ಒಲೆ ಉರಿಯಬೇಕು. ಕೀಳು ಎಂದ ಬಾಯಿಯನ್ನು ಕೇಳಬೇಕು. ಅಮರಗುಂಡಪ್ಪಣ್ಣಾ, ನೀವೇ ಕಲಿಸಿದ ಪಾಠ ಇದು. ಮರೆತಿದ್ದರೆ ನೆನಪಿಸಲು ನಾನಿದ್ದೇನೆ.

ಈಗ ಠರಾವು. ಇವತ್ತು ಇದಕ್ಕೆ ಒಪ್ಪಿ ಕೈ ಎತ್ತಿದರೆ ನಾಳೆಯಿಂದ ನಾಸೀರನ ಹತ್ತಿರ ಬೋರ್ಡು ಬಿಚ್ಚಿಸುವ ಹಕ್ಕೂ ನಮಗಿರುವುದಿಲ್ಲ. ರೋಗ ಕೊಟ್ಟವರೇ ವೈದ್ಯರು. ಸ್ಟ್ಯಾಂಡಿನಲ್ಲಿ ನಮಗೆ ನೆರಳು ಸಿಗುತ್ತದೆ. ಗಾಡಿಯಲ್ಲಿ ಕೂತ ಲಾಲ್‌ಬೀಯಂಥವರಿಗೆ ಏನು ಸಿಗುತ್ತದೆ? ಆವತ್ತು ಆ ಮಣ್ಣಿನ ಗುಡ್ಡೆ ಇಲ್ಲದಿದ್ದರೆ ಇವತ್ತು ಈ ಶಾಲು ಯಾರ ಫೋಟೋಕ್ಕೆ ಹೊದಿಸುತ್ತಿದ್ದಿರಿ?

ನಾನು ಬೇರೆ ಠರಾವು ಇಡುತ್ತೇನೆ. ಮೊದಲು ಕೀಲಿ, ಆಮೇಲೆ ಕಾಯಿ. ಯಾವ ಮಳಿಗೆಯೇ ಇರಲಿ, ಮೊದಲು ಕೀಲಿ ಅರ್ಧ ತಿರುಗಿಸಿ, ಎಂಜಿನ್ ಎಬ್ಬಿಸಬೇಡಿ. ಬೋರ್ಡಿನ ದೀಪಗಳು ಹೊತ್ತಬೇಕು. ಎಂಜಿನ್ ಎದ್ದ ಮೇಲೆ ಒಂದೊಂದಾಗಿ ಆರಬೇಕು. ಹೊತ್ತಿದ ದೀಪಕ್ಕೆ ಹೆದರಬೇಡಿ, ಅದಕ್ಕೆ ರಿಪೇರಿ ಇದೆ. ಹೊತ್ತದ ದೀಪಕ್ಕೆ ಹೆದರಿ; ನಾನು ಅದನ್ನೇ ನೋಡದೆ ಹೋದೆ. ಬಾನೆಟ್ ಎತ್ತಿ, ನಿಮ್ಮ ಮೆಕ್ಯಾನಿಕ್‌ನನ್ನೇ ಕರೆದೊಯ್ಯಿರಿ. ಬಚ್ಚಿಟ್ಟ ರೋಗ ಆಮೇಲೆ ಹೊರಬಿದ್ದರೆ ಖರ್ಚು ಮಾರಿದವರದು ಎಂದು ಬರೆಸಿಕೊಳ್ಳಿ. ಇಷ್ಟಾದ ಮೇಲೆ ಕಾಯಿ ಒಡೆಯಿರಿ, ಒಂದಲ್ಲ ಐದು ಒಡೆಯಿರಿ. ನಾನೇ ಚೂರು ಹಂಚುತ್ತೇನೆ. ಅಮರಗುಂಡಪ್ಪನವರು ಇದಕ್ಕೆ ಒಪ್ಪಿದರೆ ಮೊದಲ ಗಿರಾಕಿ ನಾನೇ.

ಶಾಲು ತೆಗೆದು ಮೇಜಿನ ಮೇಲೆ ಇಡುತ್ತಾಳೆ ಎಂದು ಕಾಯುತ್ತಿದ್ದೀರಾ? ಇಡುವುದಿಲ್ಲ. ಇದು ನಿಮ್ಮ ಚಂದಾದ ಶಾಲು, ಬೆಚ್ಚಗಿದೆ.

ಅಧ್ಯಕ್ಷರ ಅಪ್ಪಣೆಗೆ ನಾನು ಕಾಯುವುದಿಲ್ಲ, ಇದು ಸದಸ್ಯರ ಸಭೆ. ಮಳಿಗೆಯ ಠರಾವು ಬೇಡ ಎನ್ನುವವರು ಕೈ ಎತ್ತಿರಿ. ಮಳಿಗೆಯಲ್ಲಿ ದುಡಿಯುವವರೂ ಸಂಘದ ಸದಸ್ಯರೇ, ಅವರಿಗೂ ಹಕ್ಕಿದೆ. ಯಾಕೆ, ಯಾರದೂ ಏಳುತ್ತಿಲ್ಲವೇ? ಸಾವಿರ ಜನರ ನಡುವೆ ರಸ್ತೆಯಲ್ಲಿ ಕೂತ ಜನ ನೀವು! ಕುರ್ಚಿ ಸಿಕ್ಕ ಕೂಡಲೇ ಕೈ ಭಾರವಾಯಿತೇ?

ಹಾಂ. ಕೊನೆಯ ಸಾಲಿನಲ್ಲಿ ಒಂದು ಕೈ ಎದ್ದಿದೆ. ಯಾರಪ್ಪ ಅದು? ಬೆಳಕಿಗೆ ಬಾ.

ಆಂಜನೇಯ...

ಸಭಿಕರೇ, ಆ ಕೈ ಎತ್ತಿದವನು ನನ್ನ ತಮ್ಮ. ಅವನ ಅನ್ನದ ಧಣಿ ಇದೇ ವೇದಿಕೆಯ ಮೇಲೆ ಕೂತು ಅವನನ್ನು ನೋಡುತ್ತಿದ್ದಾರೆ. ಲೇ ತಮ್ಮಾ, ಇಳಿಸು ಎಂಬ ಮಾತು ನನ್ನ ನಾಲಗೆ ತುದಿಗೆ ಬಂದಿದೆ; ಅಕ್ಕನ ನಾಲಗೆ. ನಾನು ಅನ್ನುವುದಿಲ್ಲ. ಎತ್ತಿ ಹಿಡಿ. ಇನ್ನೂ ಎತ್ತಿ ಹಿಡಿ, ಮುಂದಿನ ಸಾಲಿಗೂ ಕಾಣಲಿ.

ಅಮರಗುಂಡಪ್ಪಣ್ಣಾ, ನಾಳೆ ಅವನನ್ನು ಕೆಲಸದಿಂದ ತೆಗೆದರೆ ನಿಮ್ಮ ಮಳಿಗೆಯ ಮುಂದೆ ರಸ್ತೆಯಲ್ಲಿ ನಾನೊಬ್ಬಳೇ ಕೂರುತ್ತೇನೆ. ನೀವು ಏಳು ಎಂದರೂ ಈ ಸಲ ಏಳುವುದಿಲ್ಲ.

ಮಸ್ಕಿಯ ಸಾಲಿನಲ್ಲಿ ಕೈಗಳು ಏಳುತ್ತಿವೆ. ಲಿಂಗಸುಗೂರಿನವರದೂ ಎದ್ದಿವೆ. ಎಣಿಸುವುದು ಅಧ್ಯಕ್ಷರ ಕೆಲಸ, ಎಣಿಸಲಿ. ಮೈಕಿನ ವೈರು ಕೀಳದೆ ಕೊನೆಯ ತನಕ ಕೇಳಿದ್ದಕ್ಕೆ ವೇದಿಕೆಗೆ ಧನ್ಯವಾದ, ಕೈ ಎತ್ತಿದವರಿಗೆ ಶರಣು. ನನಗೆ ಕೆಳಗೆ ಹೋಗಿ ಒಬ್ಬನ ಪಕ್ಕದಲ್ಲಿ ನಿಲ್ಲುವುದಿದೆ.

ನಮಸ್ಕಾರ.