ಪಂಪಿನ ಮನೆಯಲ್ಲಿ ಬಿಟ್ಟ ಹಗ್ಗ

...ಅಲ್ಲ ಡ್ರಿಲ್ ಮೇಷ್ಟ್ರೇ, ನೀವೇ ಹೇಳಿ! ಯಾರು ಹೋಗಿ ಊದಿರಬಹುದು ಹೆಡ್ ಮೇಡಂ ಕಿವೀಲಿ? ಗೊತ್ತಿಲ್ವಾ? ನಂಗೂ ಗೊತ್ತಾಗ್ತಿಲ್ಲ. ಅದಕ್ಕೇ ನಿಮ್ಮ ಹತ್ರ ಬಂದೆ. ಈ ಸ್ಕೂಲಲ್ಲಿ ಇನ್ಯಾರ ಹತ್ರ ಹೋಗ್ಲಿ ನಾನು? ಇಲ್ಲ ಇಲ್ಲ, ಕುರ್ಚಿ ಬೇಡ. ಈ ಮ್ಯಾಟ್ ಮೇಲೇ ಕೂತ್ಕೋತೀನಿ. ನೀವು ಚೆಂಡಿಗೆ ಗಾಳಿ ಹೊಡೀತಾ ಇರಿ, ಪರವಾಗಿಲ್ಲ.

ಏಳನೇ ಕ್ಲಾಸು ಕಿತ್ಕೊಂಡ್ರು ನನ್ನಿಂದ. ಸೋಮವಾರದಿಂದ ನಾನು ಆ ಮಕ್ಕಳ ಕ್ಲಾಸ್ ಟೀಚರಲ್ಲ. ಇನ್ಮೇಲೆ ಪ್ರವಾಸಾನೂ ಇಲ್ಲ, ಏನೂ ಇಲ್ಲ. ಯಾಕಂತೆ? ನೀರು ಸರಬರಾಜು ಕೇಂದ್ರ ನೋಡೋಕೆ ಹೋದಾಗ ಮಕ್ಕಳ ಕೈಯಿಂದ ಹಗ್ಗ ಬಿಡಿಸಿದೆನಂತೆ!

ನಗು ಬರತ್ತಾ? ಹಗ್ಗ ನಿಮ್ಮದೇ ಅಲ್ವಾ... ಒಂದೊಂದು ಮಗು ಹಿಡ್ಕೊಳೋಕೆ ಒಂದೊಂದು ಗಂಟು, ನೀವೇ ಹಾಕಿದ್ದು. ಹೊರಗೆ ಹೊರಟ್ರೆ ಗಂಟು ಬಿಡಬಾರದು, ನಮ್ಮ ಸ್ಕೂಲಿನ ಪದ್ಧತಿ. ರಸ್ತೇಲಿ ಸರಿ, ಯಾರು ಬೇಡ ಅಂದ್ರು? ಆದ್ರೆ ಪಂಪಿನ ಮನೇಲಿ... ಅಷ್ಟು ದಪ್ಪ ಪೈಪು, ನೆಲಕ್ಕೆ ಅಂಟ್ಕೊಂಡ ಹಾಗೇ ಹೋಗಿದೆ, ಕಿವಿ ಹಚ್ಚಿದ್ರೆ ಒಳಗೆ ನೀರು ಓಡೋದು ಕೇಳತ್ತೆ. ಗಂಟು ಹಿಡ್ಕೊಂಡು ಸಾಲಲ್ಲಿ ನಿಂತ್ರೆ ಏನು ಕೇಳತ್ತೆ, ಮಣ್ಣು!

ಆಗ ಒಬ್ರು "ಬಿಡ್ಲಿ ಬಿಡಿ ಮೇಷ್ಟ್ರೇ, ಮಕ್ಕಳೇನು ಎತ್ತುಗಳಾ? ಬಾಗಿಲಲ್ಲಿ ನಾನಿದೀನಿ" ಅಂದ್ರು. ಯಾರಂತ ನೆನಪಿದೆಯಾ? ...ಹಾಂ, ನೀವೇ. ಅಯ್ಯೋ, ಹೆಗಲು ಯಾಕೆ ಮುಟ್ಟಿ ನೋಡ್ಕೋತೀರಾ, ಕುಂಬಳಕಾಯಿ ಕಳ್ಳ ಅಂತ ನಾನಂದ್ನಾ? ಒಳ್ಳೇ ಮಾತೇ ಅಂದಿದ್ರಿ.

ಎಂಥ ಮಕ್ಕಳು ರೀ ಅವು! ಹಗ್ಗ ಬಿಟ್ಟಿದ್ದೇ ತಡ, ಪೈಪಿನುದ್ದಕ್ಕೂ ಬಿದ್ಕೊಂಡ್ವು. ಆ ಕುಳ್ಳ, "ಸಾರ್, ಇದಕ್ಕೆ ಹೊಟ್ಟೆ ಹಸಿದಿದೆ ಸಾರ್" ಅಂತಾನೆ. ನಮ್ಮ ವಟವಟಿ ಇದಾಳಲ್ಲ, ಪಂಪು ನೋಡ್ಕೊಳೋ ಅಜ್ಜನ್ನ ಬಿಟ್ಲಾ? "ಅಜ್ಜಾ, ಊರಲ್ಲಿ ಎಲ್ಲರೂ ನಲ್ಲಿ ನಿಲ್ಲಿಸಿದಾಗ ನೀರು ಎಲ್ಲಿ ಕಾಯ್ತಾ ನಿಂತಿರತ್ತೆ?" ಅಜ್ಜ ಟೋಪಿ ತೆಗೆದು ತಲೆ ಕೆರ್ಕೊಂಡ! ನೀವೂ ನಕ್ರಿ. ನೋಡಿದೆ ನಾನು.

ಹಾಗಾದ್ರೆ ಯಾರು ದೂರು ಹೇಳಿದ್ದು? ಅಜ್ಜನಾ? ಅವನು ಇನ್ನೊಂದ್ಸಲ ಕರ್ಕೊಂಡು ಬನ್ನಿ ಅಂತ ಹೇಳಿ ಕಳಿಸಿದಾನೆ. ಡ್ರೈವರು ಬಸ್ಸಲ್ಲಿ ಗೊರಕೆ ಹೊಡೀತಿದ್ದ. ಏನು... ಮಕ್ಕಳೇ ಮನೇಲಿ ಹೇಳಿರ್ತಾರೆ ಅಂತೀರಾ? ಇರಬಹುದು. ಮಕ್ಕಳ ಬಾಯಿಗೆ ಬಾಗಿಲೆಲ್ಲಿ. ಸರಿ, ಮಕ್ಕಳೇ ಅಂತ ಇಟ್ಕೊಳೋಣ...

ಮೆಲ್ಲಗೆ, ಮೆಲ್ಲಗೆ! ಚೆಂಡು ಕಲ್ಲಾಗಿದೆ, ಒಡೆದೀತು.

ಮೇಡಂ ಇನ್ನೊಂದು ಮಾತಂದ್ರು. ಕನ್ನಡಕ ಮೇಲೆ ಸರಿಸಿ, "ಈ ಮಕ್ಕಳ ಗಲಾಟೆ ಕೇಳೋಕೇ ನೀವು ದಿನಾ ಸ್ಕೂಲಿಗೆ ಬರೋದಂತಲ್ಲ, ಮೇಷ್ಟ್ರೇ?" ಅಂದ್ರು. ನನ್ನದೇ ಮಾತು. ಒಂದಕ್ಷರ ಆಚೀಚೆ ಇಲ್ಲ. ಎಲ್ಲಿ ಆಡಿದ್ದೆ ಹೇಳಿ? ಪಂಪಿನ ಮನೇಲಿ. ಅಷ್ಟೊತ್ತಿಗೆ ಅಜ್ಜ ದೊಡ್ಡ ಮೋಟಾರು ಹಾಕಿದ್ದ, ಅದರ ಅಬ್ಬರಕ್ಕೆ ನನ್ನ ದನಿ ನನಗೇ ಕೇಳ್ತಿರ್ಲಿಲ್ಲ. ಒಂದೇ ಒಂದು ಕಿವಿಗೆ ಬಾಯಿ ಹಚ್ಚಿ ಕೂಗಿದ್ದೆ... ಮನಸ್ಸು ತುಂಬಿ ಬಂದಿತ್ತು ರೀ. ಯಾರಿಗಾದ್ರೂ ಹೇಳ್ಬೇಕಿತ್ತು.

ಯಾಕೆ, ಗಾಳಿ ಹೊಡೆಯೋದು ನಿಲ್ಲಿಸಿದ್ರಿ?

ಬಾಯಿ ಜಾರ್ತು ಅನ್ನಿ, ನಂಬ್ತೀನಿ. ಮೇಡಂ ಗದರಿಸಿದ್ರು, ಹೆದರಿಬಿಟ್ಟೆ ಅನ್ನಿ, ಅದನ್ನೂ ನಂಬ್ತೀನಿ. "ನಾನಲ್ಲ" ಅಂತಾದ್ರೂ ಅನ್ನಿ...

ಸರಿ. ಯಾರಂತ ಗೊತ್ತಾಗ್ತಿಲ್ಲ ಅಂದ್ನಲ್ಲ ಬಂದ ತಕ್ಷಣ? ಗೊತ್ತಿತ್ತು. ಸೋಮವಾರದಿಂದ ಏಳನೇ ಕ್ಲಾಸು ಯಾರಿಗೆ ಅಂತಾನೂ ಮೇಡಂ ಹೇಳಿದ್ರು. ನೀವಾಗೇ ಹೇಳ್ತೀರೇನೋ ಅಂತ ಕಾದೆ, ಅಷ್ಟೆ. "ಬರೀ ಸೀಟಿ ಊದೋನು ಅಂತಾರೆ, ನಂಗೂ ಒಂದು ಕ್ಲಾಸು ಬೇಕು ಮೇಷ್ಟ್ರೇ" ಅಂತಿದ್ರಿ. ನನ್ನ ಕೇಳಿದ್ರೆ ನಾನೇ ಬಿಟ್ಟುಕೊಡ್ತಿದ್ನಲ್ಲ ರೀ...

ಏಳಬೇಡಿ. ತಗೊಳ್ಳಿ, ನಿಮ್ಮ ಹಗ್ಗ. ಒಗೆದು ಒಣಗಿಸಿದೀನಿ. ಈ ಕೊನೇ ಗಂಟು ವಟವಟಿದು. ಅವಳಿಗೆ ಇನ್ನೂ ಉತ್ತರ ಸಿಕ್ಕಿಲ್ಲ, ಸೋಮವಾರ ಹೇಳ್ತೀನಿ ಅಂದಿದ್ದೆ. ಇನ್ನು ನಿಮ್ಮನ್ನೇ ಕೇಳ್ತಾಳೆ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ. ಬೇಕಾದ್ರೆ ಬೈಯಿರಿ. ಹೀಗೆ ನೆಲ ನೋಡ್ಕೊಂಡು ಕೂತ್ಬಿಡಬೇಡಿ ಮೇಷ್ಟ್ರೇ...

ಆ ಮಕ್ಕಳು ನನ್ನ ಹಾಗಲ್ಲ. ಬೇಗ ಅರ್ಥ ಮಾಡ್ಕೊಂಡುಬಿಡ್ತಾವೆ.