ಸೊಪ್ಪು ಹಸುವಿಗೆ, ತಿಳಿಸಾರು ಸೊಸೆಗೆ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂದ ಕೂಡಲೇ ನೀವು ಪಕ್ಕದವರ ಮುಖ ನೋಡ್ತೀರಿ. ಬೇಡ, ನನ್ನ ಕಡೆ ನೋಡಿ. ಇವನದು ಬಟ್ಟೆ ವ್ಯಾಪಾರ. ಅಂಗಡಿಗೆ ಯಾರೇ ಬರಲಿ, ಸೀರೆ ಬಿಚ್ಚಿ ತೋರಿಸೋಕೆ ಮೊದಲು "ನಮ್ಮದು ತಲೆತಲಾಂತರದಿಂದ ಶುದ್ಧ ಸಸ್ಯಾಹಾರ" ಅಂತ ಶುರು ಮಾಡೋನು. ದಿನಾ ಬೆಳಿಗ್ಗೆ ಸೊಪ್ಪಿನ ಹೊರೆ ತರಿಸಿ, ಬೀದೀಲಿ ನಿಂತು, ಜನ ನೋಡೋ ಹಾಗೆ ಹಸುವಿಗೆ ತಿನ್ನಿಸೋನು. ಪುಣ್ಯ ನೋಡಿ! ಆ ಹಸು ಹೇಗೆ ಮಿಂಚ್ತಿತ್ತು ಅಂತೀರಿ!

ಮನೇಲಿ ಸೊಸೆ ದಾಕ್ಷಾಯಣಿ ತುಂಬು ಬಸುರಿ. ಒಂದು ದಿನ ಪೂಜೆಗೆ ಹೂ ತಂದವಳು ದೇವರ ಕೋಣೆ ಬಾಗಿಲಲ್ಲೇ ತಲೆ ಸುತ್ತಿ ಬಿದ್ದಳು. ಮಾವನೇ ಗಾಡಿ ಕರೆಸಿದ. ಆಸ್ಪತ್ರೆಗೆ ಓಡಿದರು.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, "ಯಜಮಾನ್ರೇ, ಮೈಯಲ್ಲಿ ರಕ್ತವೇ ಇಲ್ಲ. ಹೀಗೇ ಬಿಟ್ಟರೆ ತಾಯಿಗೂ ಅಪಾಯ, ಮಗುವಿಗೂ ಅಪಾಯ. ಊಟಕ್ಕೆ ಏನು ತಿಂತಾಳೆ?" ಅಂದರು.

ಇವನು ಎದೆ ಉಬ್ಬಿಸಿದ. "ನಮ್ಮದು ಶುದ್ಧ ಸಸ್ಯಾಹಾರ!"

"ಅದು ನೀವು ಏನು ತಿನ್ನಲ್ಲ ಅನ್ನೋದು. ನಾನು ಕೇಳಿದ್ದು ಏನು ತಿಂತಾಳೆ ಅಂತ."

ಹಸು ಏನು ತಿನ್ನುತ್ತೆ ಅಂತ ಕೇಳಿದ್ದರೆ ಹೇಳ್ತಿದ್ದ!

"ಹಾಗಾದ್ರೆ ಮಾಂಸ ತಿನ್ನಿಸಬೇಕಾ?" ಅಂತ ಸಿಡುಕಿದ.

"ಯಾರು ಹೇಳಿದ್ದು? ಸೊಪ್ಪು, ಕಾಳು, ಬೇಳೆ, ಹಾಲು, ಮೊಸರು ಹೊಟ್ಟೆ ತುಂಬ ಹಾಕಿ. ನಾನು ಬರೆದ ಮಾತ್ರೆ ತಪ್ಪಿಸಬೇಡಿ."

ಸೊಸೆ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಇವನು ಉಂಡ ಮೇಲೆ ಮಲಗಲಿಲ್ಲ. ಅಡುಗೆಮನೆ ಹೊಸ್ತಿಲಲ್ಲಿ ನಿಂತ. ಗಂಡಸರ ಊಟವೆಲ್ಲ ಆದಮೇಲೆ ದಾಕ್ಷಾಯಣಿ ತಟ್ಟೆ ಹಾಕ್ಕೊಂಡಳು. ಬಿಳಿ ಅನ್ನ, ಬೇಳೆಯೆಲ್ಲ ಗಂಡಸರಿಗೆ ಹೋಗಿ ಉಳಿದ ತಿಳಿಸಾರು, ಒಂದು ಚೂರು ಉಪ್ಪಿನಕಾಯಿ.

"ಪಲ್ಯ ಎಲ್ಲಮ್ಮ?"

"ಮುಗೀತು ಮಾವ."

"ಮೊಸರು?"

"ನೀವು ಇನ್ನೊಂದ್ಸಲ ಹಾಕಿಸ್ಕೊಂಡ್ರಲ್ಲ."

ಒಲೆ ಮುಂದಿದ್ದ ಹೆಂಡತಿ ತಿರುಗಿಯೂ ನೋಡದೆ, "ಇವತ್ತು ಹೊಸದಾಗಿ ಕಂಡ್ರಾ? ನಾನೂ ಹೀಗೇ ಉಂಡು ನಿಮ್ಮ ಮಗನನ್ನ ಹೆತ್ತವಳು" ಅಂದಳು.

ಮಾರನೇ ದಿನದಿಂದ ಸೊಪ್ಪು ಮೊದಲು ಅಡುಗೆಮನೆಗೆ ಬಂತು. ಅತ್ತೆ ಸೊಸೆ ಮೊದಲು ಕೂತರು, ಇವನೇ ಬಡಿಸಿದ. ಬಡಿಸಿದ್ದಕ್ಕಿಂತ ಚೆಲ್ಲಿದ್ದೇ ಜಾಸ್ತಿ, ಹೋಗಲಿ ಬಿಡಿ. ದಿನ ತುಂಬಿ ಹೆರಿಗೆ ಆಯಿತು. ಮಗು ಸಣ್ಣಗಿತ್ತು, ಅಳು ಮಾತ್ರ ಜೋರಾಗಿತ್ತು. ತಾಯಿ ಉಳಿದಳು.

ನಗ್ತೀರಾ? ನಗಿ. ನಿಮ್ಮ ಮನೇಲಿ ಕೊನೆಗೆ ಉಣ್ಣೋರು ಯಾರು? ನಿನ್ನೆ ಅವರ ತಟ್ಟೇಲಿ ಏನಿತ್ತು? ಗೊತ್ತಿಲ್ಲ! ಮಾಂಸ ಮುಟ್ಟಲ್ಲ ಅಂತ ಮೆರೀತೀರಿ, ಸಂತೋಷ. ಬೋಂಡ, ಬಿಳಿ ಅನ್ನ, ಉಂಡ ಕೈ ಒಣಗೋ ಮೊದಲೇ ಲೋಟ ಕಾಫಿ, ಇದೂ ಸಸ್ಯಾಹಾರವೇ. ಇದರಿಂದ ರಕ್ತ ಬರುತ್ತಾ? ಇನ್ನು ಮೇಲೆ ಮನೇಲಿ ದಿನಾ ಸೊಪ್ಪು ಬೇಯಲಿ, ಕಾಳು ಮೊಳಕೆ ಬರಲಿ, ಮೇಲೆ ನಿಂಬೆಹಣ್ಣು ಹಿಂಡಿ, ಸೊಪ್ಪಿನ ಸತ್ವ ಮೈಗೆ ಹತ್ತುತ್ತೆ. ಕಾಫಿ ಅದಕ್ಕೆ ಅಡ್ಡ, ಸ್ವಲ್ಪ ಹೊತ್ತು ಕಾಯಲಿ. ಉಣ್ಣೋದಾದರೆ ಎಲ್ಲರೂ ಒಟ್ಟಿಗೆ ಉಣ್ಣಿ.

ಈಗ ಪ್ರಸಾದಕ್ಕೆ ಏಳ್ತಿದ್ದೀರಲ್ಲ, ಮುಂದಿನ ಸಾಲಿನ ಗಂಡಸರೇ, ಕೂತ್ಕೊಳ್ಳಿ. ತಾಯಂದಿರೇ, ನೀವು ಏಳಿ.